ಶಿವಶರಣೆ ಆಯ್ದಕ್ಕಿಯ ಲಕ್ಕಮ್ಮನವರು

ಕಲ್ಯಾಣದ ಶಿವಶರಣರ ಚರಿತ್ರೆಗಳನ್ನು ಓದುವವರಿಗೆ ರಾಜ್ಯಭೋಗಗಳನ್ನು ತೊರೆದು ಬಂದವರ ಕಥೆಗಳು ದೊರೆಯುತ್ತವೆ. ತಮ್ಮ ಸರ್ವಸ್ವವನ್ನೂ ಜಂಗಮಕ್ಕೆ ಸವೆಯಿಸಿ ಕೈ ಬರಿದುಮಾಡಿಕೊಂಡವರ ಕಥೆಗಳೂ ದೊರೆಯುತ್ತವೆ. ಇದ್ದುದನ್ನು ಬಿಟ್ಟವರ ಹಿರಿಮೆಯನ್ನು ಲೋಕವು ಬೇಗನೆ ಅರಿತು ಕೊಂಡಾಡುತ್ತದೆ. ಆದರೆ ಬಿಡುವುದಕ್ಕೆ ಹೆಚ್ಚೇನೂ ಇಲ್ಲದ ಮನೆಯಲ್ಲಿದ್ದುಕೊಂಡು, ಆಯಾ ದಿನಕ್ಕೆ ದೊರೆತಷ್ಟನ್ನೇ ಶಿವನಿತ್ತ ಪ್ರಸಾದವೆಂದು ಕೈಮುಗಿದು ಸ್ವೀಕರಿಸಿ, ಅದಕ್ಕೆ ಮೇಲಾಗಿ ಬಂದ ಧಾನ್ಯವನ್ನು ಬಂದಲ್ಲಿಗೇ ಮರಳಿಸಿದವರ ಹಿರಿಮೆಯು ಸುಲಭವಾಗಿ ಕಣ್ಣಿಗೆ ಬೀಳತಕ್ಕದ್ದಲ್ಲ. ಆಯ್ದಕ್ಕಿಯ ಲಕ್ಕಮ್ಮನವರ ಹಿರಿಮೆಯು ಈ ಬಗೆಯದು. ಅವರ ಬಾಳಿನಲ್ಲಿ ಯುದ್ಧಗಳಿಲ್ಲ, ಪಟ್ಟಾಭಿಷೇಕಗಳಿಲ್ಲ. ಒಂದು ಅಂಗಳ, ಒಂದು ಮೊರ, ಒಂದು ಒಲೆ, ನೆಲಕ್ಕೆ ಬಿದ್ದ ಅಕ್ಕಿಯ ಕಾಳು, ಇಷ್ಟರಲ್ಲಿಯೇ ಅವರ ಚರಿತ್ರೆಯೆಲ್ಲವೂ ಅಡಗಿದೆ. ಎಂಟುನೂರು ವರ್ಷಗಳಿಗೂ ಮಿಕ್ಕ ಕಾಲದಿಂದ ಕನ್ನಡ ನಾಡು ಈ ಚಿಕ್ಕ ಚರಿತ್ರೆಯನ್ನು ಮರೆಯದೆ ಕಾಪಾಡಿಕೊಂಡು ಬಂದಿರುವುದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಲಕ್ಕಮ್ಮನವರೂ ಅವರ ಪತಿಗಳಾದ ಮಾರಯ್ಯನವರೂ ಅಮರೇಶ್ವರವೆಂಬ ಕ್ಷೇತ್ರದವರು. ಈ ಸ್ಥಳವು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಗುರುಗುಂಟಾ ಗ್ರಾಮದ ಸಮೀಪದಲ್ಲಿದೆ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಪ್ರದೇಶವು ಹಿಂದಿನಿಂದಲೂ ಜೋಳದ ಸೀಮೆ. ಕಾಲುವೆಯ ನೀರು ಬರುವುದಕ್ಕೆ ಮೊದಲು ಇಲ್ಲಿಯ ಬಡವರ ಮನೆಗಳಲ್ಲಿ ರೊಟ್ಟಿಯೂ ನುಚ್ಚೂ ದಿನದ ಆಹಾರವಾಗಿದ್ದು, ಅಕ್ಕಿಯ ಅನ್ನವು ಹಬ್ಬ ಹುಣ್ಣಿಮೆಗಳ ಊಟವಾಗಿತ್ತು. ಇಂಥ ಸೀಮೆಯಿಂದ ಬಂದವರಿಗೆ ಅಕ್ಕಿಯ ಒಂದು ಕಾಳಿನ ಬೆಲೆಯೇನೆಂಬುದನ್ನು ಬೇರೆಯವರು ತಿಳಿಸಿಕೊಡಬೇಕಾಗಿರಲಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಸ್ವಾರಸ್ಯವು ಚೆನ್ನಾಗಿ ವಿದಿತವಾಗುತ್ತದೆ.

ಮಾರಯ್ಯನವರ ವಚನಗಳ ಅಂಕಿತವು ಅಮರೇಶ್ವರಲಿಂಗ; ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಊರನ್ನು ಬಿಟ್ಟು ಬಂದ ಮೇಲೆಯೂ ಹುಟ್ಟಿದ ನೆಲದ ದೈವವನ್ನು ಅವರು ಮರೆಯಲಿಲ್ಲ. ಹೊಸ ಹೆಸರನ್ನು ಅರಸಿಕೊಂಡು ಹೋಗಲಿಲ್ಲ. ತಮಗೆ ದೊರೆತಿದ್ದ ಊರು, ತಮಗೆ ದೊರೆತಿದ್ದ ಪತಿ, ತಮಗೆ ದೊರೆತಿದ್ದ ಇಷ್ಟದೈವ ಇವು ಮೂರನ್ನೂ ಒಂದೇ ಅಂಕಿತದಲ್ಲಿ ಪೋಣಿಸಿ ಲಕ್ಕಮ್ಮನವರು ತಮ್ಮ ಪ್ರತಿಯೊಂದು ವಚನದ ಕೊನೆಯಲ್ಲಿಯೂ ಇರಿಸಿದರು. ಇದ್ದುದನ್ನು ನೆನೆದು ಧನ್ಯರಾಗುವ ಸ್ವಭಾವವು ಅವರಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

೧೨ನೆಯ ಶತಮಾನದ ಮಧ್ಯಭಾಗದಲ್ಲಿ ಬಿಜ್ಜಳನ ಆಳಿಕೆಗೆ ಒಳಪಟ್ಟಿದ್ದ ಕಲ್ಯಾಣವು, ಅಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವು, ಶರಣರ ನೆಲೆವೀಡಾಗಿತ್ತು. ರಾಜನ ಭಂಡಾರಿಗಳಾಗಿದ್ದ ಬಸವಣ್ಣನವರ ಮಹಾಮನೆಯ ಕೀರ್ತಿಯು ದೇಶದೇಶಗಳಿಗೆ ಹಬ್ಬಿ, ಭಕ್ತರು ನಾಲ್ದೆಸೆಗಳಿಂದಲೂ ಅಲ್ಲಿಗೆ ಬರುತ್ತಿದ್ದರು. ಬಂದವರು ಬಂದು ಉಂಡು ಕುಳಿತುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರಿದರು. ಅಂಬಿಗರ ಚೌಡಯ್ಯನವರು ದೋಣಿ ನಡೆಯಿಸಿದರು. ಮೈಯನ್ನು ದಂಡಿಸಿ ದುಡಿಯುವುದು, ದುಡಿದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸುವುದು, ಉಳಿದುದನ್ನು ಪ್ರಸಾದವೆಂದು ಕೊಳ್ಳುವುದು, ಇದು ಶರಣರ ಬಾಳಿನ ಕ್ರಮ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳೂ ತಮ್ಮದಾದ ಒಂದು ಕಾಯಕವನ್ನು ಕೈಕೊಂಡರು.

ಆ ಕಾಯಕವು ಎಲ್ಲಕ್ಕಿಂತಲೂ ಚಿಕ್ಕದು. ದಾಸೋಹವು ಹಗಲಿರುಳೂ ನಡೆಯುವ ಮನೆಯಲ್ಲಿ ಅಕ್ಕಿಯನ್ನು ಅಳೆಯುವಾಗ, ಹೊತ್ತು ಸಾಗಿಸುವಾಗ, ಮೊರದಲ್ಲಿ ಕೇರುವಾಗ ಒಂದಿಷ್ಟು ಕಾಳು ನೆಲಕ್ಕೆ ಬೀಳುವುದು ಸಹಜ. ದೊಡ್ಡ ಮನೆಯಲ್ಲಿ ಅದನ್ನು ಯಾರೂ ಲೆಕ್ಕಿಸುವುದಿಲ್ಲ. ಕಾಲಿಗೆ ಸಿಕ್ಕಿ ತುಳಿದುಹೋಗಬಹುದು, ಕಸಬರಿಗೆಗೆ ಸಿಕ್ಕಿ ತಿಪ್ಪೆಗೆ ಸೇರಬಹುದು. ಹಾಗೆ ಚೆಲ್ಲಿದ ಕಾಳನ್ನು ಮಾರಯ್ಯನವರು ಬಗ್ಗಿ ಬಗ್ಗಿ ಆಯ್ದು ತರುವರು. ಲಕ್ಕಮ್ಮನವರು ಅದನ್ನು ಅಟ್ಟು ಜಂಗಮ ದಾಸೋಹವನ್ನು ಮಾಡುವರು. ಆಯ್ದ ಅಕ್ಕಿಯ ಕಾಯಕದವರಾದುದರಿಂದ ಇವರಿಗೆ ಆಯ್ದಕ್ಕಿಯವರೆಂಬ ಹೆಸರಾಯಿತು. ತಂದೆತಾಯಿಗಳಿಟ್ಟ ಹೆಸರಿಗಿಂತಲೂ ಮುಂದಾಗಿ ಕಾಯಕದ ಹೆಸರು ನಿಂತುದು ಆ ಕಾಲದ ಶರಣರ ವೈಶಿಷ್ಟ್ಯವಾಗಿದೆ.

ನೆಲದಿಂದ ಆಯ್ದ ಅಕ್ಕಿಯು ಮಡಕೆಗೆ ಸೇರುವ ತನಕ ಹಿಡಿಯುವ ಶ್ರಮವನ್ನು ಗೃಹಿಣಿಯರು ಬಲ್ಲರು. ಅದರಲ್ಲಿ ಮಣ್ಣಿರುತ್ತದೆ, ಹರಳಿರುತ್ತದೆ, ನುಚ್ಚು ತೌಡುಗಳಿರುತ್ತವೆ. ಕೇರಬೇಕು, ಹರಳನ್ನು ಆರಿಸಬೇಕು, ಹಲವು ನೀರಿನಲ್ಲಿ ತೊಳೆಯಬೇಕು. ಕಣಜದ ಅಕ್ಕಿಯನ್ನು ಬೇಯಿಸುವವರು ಕಾಳನ್ನು ಕಾಣುವುದಿಲ್ಲ, ಅಳತೆಯನ್ನು ಮಾತ್ರ ಕಾಣುತ್ತಾರೆ. ಆಯ್ದ ಅಕ್ಕಿಯನ್ನು ಬೇಯಿಸುವವರಾದರೋ ಒಂದೊಂದು ಕಾಳನ್ನೂ ಕಣ್ಣಿನಿಂದ ಕಂಡು, ಬೆರಳಿನಿಂದ ಮುಟ್ಟಿ, ಆಮೇಲೆ ಮಡಕೆಗೆ ಹಾಕುತ್ತಾರೆ. ಲಕ್ಕಮ್ಮನವರ ಕೃತಜ್ಞತೆಯ ಮೂಲವು ಇಲ್ಲಿದೆಯೆಂದು ಹೇಳಬಹುದು. ಕಾಣದ ವಸ್ತುವಿಗಾಗಿ ಯಾರೂ ಕೃತಜ್ಞರಾಗಲಾರರು. ತಮಗೆ ದೊರೆತುದನ್ನು ಕಾಳುಕಾಳಾಗಿ ಕಂಡವರಿಗೆ ಅದು ಸ್ವಲ್ಪವೆಂದು ತೋರುವುದಿಲ್ಲ; ಪ್ರತಿಯೊಂದು ಕಾಳೂ ಒಂದು ಕೊಡುಗೆಯೆಂದು ತೋರುತ್ತದೆ.

ಹೀಗೆ ದಿನಗಳು ಸಾಗುತ್ತಿರಲು ಒಂದು ದಿವಸ ಮಾರಯ್ಯನವರು ಅಲ್ಲಮಪ್ರಭುದೇವರ ಅನುಭಾವದ ಗೋಷ್ಠಿಯಲ್ಲಿ ತಲ್ಲೀನರಾದರು. ಕಾಯಕದಲ್ಲಿ ನಿರತನಾದವನಿಗೆ ಗುರುದರ್ಶನ ಲಿಂಗಪೂಜೆಗಳ ಹಂಗೂ ಇರಲಾಗದು, ಕಾಯಕವೇ ಆತನಿಗೆ ಕೈಲಾಸವೆಂಬ ನಿಲುವು ಮಾರಯ್ಯನವರದು. ಆದರೆ ಆ ದಿನ ಪ್ರಭುವಿನ ಸನ್ನಿಧಿಯಲ್ಲಿ ತತ್ತ್ವವಿಚಾರವು ಬೆಳೆಯುತ್ತ ಹೋಗಿ, ಕಾಯಕವನ್ನೇ ಕೈಲಾಸವೆಂದು ಸಾರಿದ ಶರಣರೇ ಕಾಯಕದ ಹೊತ್ತನ್ನು ಮರೆತು ಕುಳಿತರು. ಮನೆಯಲ್ಲಿ ಒಲೆ ತಣ್ಣಗಿತ್ತು. ಆಗ ಲಕ್ಕಮ್ಮನವರು ಬಂದು, ಕಾಯಕವು ನಿಂತುಹೋಗಿದೆಯೆಂಬುದನ್ನು ಪತಿಗೆ ನೆನಪುಮಾಡಿಕೊಟ್ಟರು. ಅವರ ವಚನವೊಂದು ಈ ಸಂದರ್ಭಕ್ಕೆ ಸೇರಿದುದು. ಅದರಲ್ಲಿ ಕೋಪವಿಲ್ಲ, ಗೊಣಗಾಟವಿಲ್ಲ. ಎಚ್ಚರಿಕೆ ಮಾತ್ರ ಇದೆ.

ಈ ಪ್ರಸಂಗವು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುತ್ತದೆ. ಸಂತೃಪ್ತಿಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದೂ, ಇದ್ದುದು ಸಾಕೆನ್ನುವವರು ದುಡಿಮೆಯಲ್ಲಿ ಜಡರಾಗುವರೆಂದೂ ಹಲವರು ಭಾವಿಸುವುದುಂಟು. ಇದ್ದುದರಲ್ಲಿ ತೃಪ್ತರಾಗಿದ್ದ ಲಕ್ಕಮ್ಮನವರೇ ಪತಿಯನ್ನು ದುಡಿಮೆಗೆ ಎಬ್ಬಿಸಿ ಕಳುಹಿಸಿದರೆಂಬುದು ಗಮನಾರ್ಹವಾಗಿದೆ. ದೊರೆತುದು ಕೊಡುಗೆಯೆಂದು ಬಗೆದವರಿಗೆ ದುಡಿಮೆಯು ಆ ಕೊಡುಗೆಗೆ ಸಲ್ಲಿಸುವ ಮರುಕಾಣಿಕೆಯಾಗುತ್ತದೆ. ಕೃತಜ್ಞತೆಯು ನಿಂತರೆ ಕಾಯಕವು ಕೂಲಿಯಾಗುತ್ತದೆ. ಕಾಯಕವು ನಿಂತರೆ ಕೃತಜ್ಞತೆಯು ಬರಿಯ ಬಾಯಿಮಾತಾಗುತ್ತದೆ. ಪ್ರಭುದೇವರ ಗೋಷ್ಠಿಯೇ ಆಗಲಿ, ಅಂದಿನ ಅಕ್ಕಿಯನ್ನು ಅಂದೇ ಆಯದೆ ಬಿಡುವುದಕ್ಕೆ ಅದು ನೆಪವಾಗಲಾಗದೆಂಬುದು ಈ ಶರಣೆಯ ನಿಷ್ಠೆ.

ಪತ್ನಿಯ ಮಾತಿನಿಂದ ಎಚ್ಚತ್ತ ಮಾರಯ್ಯನವರು ಅವಸರದಿಂದ ಮಹಾಮನೆಯ ಅಂಗಳಕ್ಕೆ ಧಾವಿಸಿ ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ನೋಡುತ್ತಾರೆ, ಅಕ್ಕಿಯು ಎಂದಿನಷ್ಟಿಲ್ಲ, ಎಂದಿಗಿಂತ ಹೆಚ್ಚಾಗಿದೆ. ದಿನವೂ ಕಾಳುಕಾಳನ್ನು ಮುಟ್ಟಿ ನೋಡುವ ಕೈಗೆ ಈ ಭೇದವು ತಿಳಿಯದೆ ಹೋಗಲಿಲ್ಲ. ಇಲ್ಲಿ ಕಥೆಯನ್ನು ಹೇಳುವವರಲ್ಲಿ ಎರಡು ಪಕ್ಷಗಳಿವೆ. ಹೊತ್ತು ಮೀರಿದ ಕಳವಳದಲ್ಲಿ ಮಾರಯ್ಯನವರೇ ಹೆಚ್ಚಾಗಿ ಆಯ್ದರೆಂದು ಕೆಲವರು ಹೇಳುತ್ತಾರೆ. ಈ ದಂಪತಿಗಳ ಬಡತನಕ್ಕೆ ಮರುಗಿದ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿ ಬೀಳುವಂತೆ ಮಾಡಿದರೆಂದು ಇನ್ನು ಕೆಲವರು ಹೇಳುತ್ತಾರೆ. ಲಕ್ಕಮ್ಮನವರ ವಚನದಲ್ಲಿಯೇ ಈ ಎರಡು ಸಂದೇಹಗಳೂ ಕಾಣಬರುತ್ತವೆ. ಒಂದು ಮನಸ್ಸಾಗಿದ್ದುದು ಎರಡಾಯಿತೇಕೆ, ಇದು ಪತಿಯ ಮನಸ್ಸಿನ ಚಂಚಲವೋ ಅಥವಾ ಬಸವಣ್ಣನವರ ಚಿತ್ತದ ಅನುಮಾನವೋ ಎಂದು ಅವರು ಕೇಳಿದರು. ಆಸೆಯು ಅರಸರಿಗೆ ಒಪ್ಪುವುದೇ ಹೊರತು ಶಿವಭಕ್ತರಿಗೆ ಒಪ್ಪತಕ್ಕದ್ದಲ್ಲವೆಂದರು. ಇಷ್ಟು ಅಕ್ಕಿಯ ಆಸೆಯನ್ನು ಈಶ್ವರನು ಮೆಚ್ಚಲಾರನೆಂದು ತಿಳಿಸಿ, ಅದನ್ನು ತಂದಲ್ಲಿಗೇ ಒಯ್ದು ಸುರಿದು ಬರಬೇಕೆಂದು ಪತಿಯನ್ನು ಮರಳಿ ಕಳುಹಿಸಿದರು.

ಹೊರಗಿನಿಂದ ನೋಡುವವರಿಗೆ ಇದು ಅತಿಯೆಂದು ತೋರಬಹುದು. ಕದ್ದು ತಂದ ಅಕ್ಕಿಯಲ್ಲ. ಬೇಡಿ ತಂದ ಅಕ್ಕಿಯಲ್ಲ. ಯಾರ ಬಾಯಿಂದ ಕಸಿದುದೂ ಅಲ್ಲ. ನಾಳೆಗೆ ಇರಿಸಿಕೊಂಡಿದ್ದರೆ ನಾಳಿನ ಶ್ರಮವು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಹೀಗಿದ್ದೂ ಅದನ್ನು ಮರಳಿಸಿದುದೇಕೆ?

ಅಂಗಳದಲ್ಲಿ ಬಿದ್ದ ಅಕ್ಕಿಯು ಒಂದು ಮನೆಯವರಿಗಾಗಿ ಮೀಸಲಾದುದಲ್ಲ. ತಮಗೆ ಬೇಕಾದುದಕ್ಕಿಂತ ಹೆಚ್ಚಿನದು ಬೇರೊಬ್ಬರ ಪಾಲು. ಅದನ್ನು ಮನೆಯಲ್ಲಿ ಇರಿಸಿಕೊಂಡರೆ ಆಯುವ ಕಾಯಕವು ಕೂಡಿಡುವ ವ್ಯಾಪಾರವಾಗುತ್ತದೆ. ಇದೊಂದು ಕಾರಣ. ಇಂದು ಹೆಚ್ಚಾಗಿ ತಂದವರ ಮನಸ್ಸಿನಲ್ಲಿ ನಾಳಿನ ಭಯವು ಹೊಕ್ಕಿದೆಯೆಂದು ತಿಳಿಯಬೇಕು; ಇಂದಿನವರೆಗೆ ದಿನದಿನವೂ ಉಣಿಸಿದ ಶಿವನು ನಾಳೆ ಮರೆತಾನೆಂಬ ಸಂದೇಹವು ಆ ಭಯದ ಬೀಜ. ಇದು ಎರಡನೆಯ ಕಾರಣ. ಎಲ್ಲಕ್ಕಿಂತಲೂ ಮುಖ್ಯವಾದ ಕಾರಣವು ಇನ್ನೊಂದಿದೆ. ನಿನ್ನೆಯವರೆಗೆ ಆ ಮನೆಯಲ್ಲಿ ಎಂದಿನ ಅಕ್ಕಿಯು ಸಾಕಾಗಿತ್ತು. ಅದನ್ನು ಯಾರೂ ಕೊರತೆಯೆಂದು ಕರೆದಿರಲಿಲ್ಲ. ಹೆಚ್ಚಿನ ಅಕ್ಕಿಯು ಒಳಗೆ ಬಂದ ಕ್ಷಣದಲ್ಲಿಯೇ ಎಂದಿನ ಅಕ್ಕಿಯು ಕಡಿಮೆಯೆಂದು ಕಾಣತೊಡಗುತ್ತದೆ. ಮನೆಗೆ ಬಂದುದು ಒಂದು ಹಿಡಿ ಧಾನ್ಯವಾದರೆ, ಮನೆಯಿಂದ ಹೊರಟುಹೋಗುವುದು ಸಾಕೆಂಬ ಭಾಗ್ಯ. ಈ ಲೆಕ್ಕವನ್ನು ಲಕ್ಕಮ್ಮನವರು ನೋಡಿದೊಡನೆಯೇ ಮಾಡಿದರು. ಆ ಅಕ್ಕಿಯನ್ನು ಅವರು ಮರಳಿಸಿದುದು ತಮ್ಮಲ್ಲಿದ್ದ ಸಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಮಾರಯ್ಯನವರ ವಿಷಯದಲ್ಲಿಯೂ ಇಲ್ಲಿ ಒಂದು ಮಾತು ಅವಶ್ಯವಾಗಿದೆ. ಪ್ರಭುದೇವರೊಡನೆ ಸರಿಸಮನಾಗಿ ತತ್ತ್ವವನ್ನು ಚರ್ಚಿಸಿ ಬಂದ ಪುರುಷನು, ಹೆಂಡತಿಯ ಮಾತನ್ನು ಕೇಳಿ, ಅಕ್ಕಿಯ ಗಂಟನ್ನು ಹೊತ್ತು, ಬಂದ ದಾರಿಯಲ್ಲಿಯೇ ಮರಳಿ ನಡೆದು, ಎಲ್ಲರ ಕಣ್ಣೆದುರಿಗೆ ಅದನ್ನು ಅಂಗಳದಲ್ಲಿ ಸುರಿದು ಬರುವುದು ಸಾಮಾನ್ಯವಾದ ಕೆಲಸವಲ್ಲ. ತಮ್ಮ ತಪ್ಪನ್ನು ತೋರಿಸಿಕೊಡುವ ಸಂಗಾತಿಯು ದೊರೆತುದೂ ಒಂದು ಕೊಡುಗೆಯೇ ಎಂದು ಅವರು ತಿಳಿದುಕೊಂಡರು. ಸಂಸಾರದಲ್ಲಿ ಇದ್ದುದನ್ನು ಮೆಚ್ಚಿಕೊಳ್ಳುವುದೆಂದರೆ ಪಾತ್ರೆ ಪಡಗಗಳನ್ನು ಮೆಚ್ಚಿಕೊಳ್ಳುವುದಷ್ಟೇ ಅಲ್ಲ. ಜೊತೆಗಿರುವವರ ಸತ್ಯವಾದ ಮಾತನ್ನು ಮೆಚ್ಚಿಕೊಳ್ಳುವುದೂ ಅದರಲ್ಲಿ ಸೇರಿದೆ. ಮಾರಯ್ಯನವರು ಮರುಮಾತಾಡದೆ ಹೊರಟುಹೋದುದರಿಂದ ಆ ಮನೆಯ ಒಮ್ಮನವು ಮತ್ತೆ ನೆಲೆಗೊಂಡಿತು.

ಅಸ್ತು. ಕಥೆಯು ಇಲ್ಲಿಗೇ ಮುಗಿದಿದ್ದರೆ ಲಕ್ಕಮ್ಮನವರು ನಿರಾಶೆಯ ಆದರ್ಶವಾಗಿ ಉಳಿಯುತ್ತಿದ್ದರು. ಅವರು ಅದಕ್ಕೂ ಮುಂದೆ ಹೋದರು. ಹೆಚ್ಚಿನ ಅಕ್ಕಿಯನ್ನು ಮರಳಿಸಿದ ಮೇಲೆ, ಎಂದಿನ ಅಕ್ಕಿಯಲ್ಲಿಯೇ ದಾಸೋಹವನ್ನು ಮಾಡುವುದಾಗಿ ನಿಶ್ಚಯಿಸಿ, ಬಸವಣ್ಣನವರನ್ನೂ ಅವರೊಡನೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನೂ ತಮ್ಮ ಮನೆಗೆ ಬಿನ್ನಯಿಸಿದರೆಂದೂ, ಆ ಅಲ್ಪ ಪ್ರಮಾಣದ ಅಕ್ಕಿಯೇ ಬಂದವರೆಲ್ಲರ ಹಸಿವನ್ನು ತಣಿಸಿತೆಂದೂ ಪುರಾತನರು ಹೇಳುತ್ತಾರೆ. ಭಕ್ತರು ಇದನ್ನು ಶಿವಮಹಿಮೆಯೆಂದು ಶ್ರದ್ಧೆಯಿಂದ ನೆನೆಯುತ್ತಾರೆ. ಸಂಖ್ಯೆಯ ವಿಷಯದಲ್ಲಿ ವಾದಕ್ಕಿಳಿಯುವವರೂ ಇದರ ಅಭಿಪ್ರಾಯವನ್ನು ಒಪ್ಪದೆ ಇರಲಾರರು. ಇರುವುದು ಸಾಲದೆಂದು ನಂಬಿದವನ ಕಣಜದಿಂದ ಒಬ್ಬ ಅತಿಥಿಗೂ ಊಟ ಹೊರಡುವುದಿಲ್ಲ. ಇರುವುದು ಸಾಕೆಂದು ನಂಬಿದವರ ಮಡಕೆಯಲ್ಲಿ ಬಂದವರಿಗೆಲ್ಲ ಪಾಲಿರುತ್ತದೆ. ಕೊಡುವ ಶಕ್ತಿಯು ಧಾನ್ಯದ ರಾಶಿಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಸಾಕೆನ್ನುವ ಮನಸ್ಸಿನಿಂದ ಹುಟ್ಟುತ್ತದೆ.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಕಾಳನ್ನು ಆಯ್ದವರ ಮನೆಗೆ ಬಸವಣ್ಣನವರೇ ಉಣ್ಣಲು ಬಂದರೆಂಬುದು ಈ ಚರಿತ್ರೆಯ ಅತ್ಯಂತ ಮನೋಹರವಾದ ಭಾಗ. ಭಂಡಾರಿಯೂ ಕಾಳಾಯುವವರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಅಂದು ಅಲ್ಲಿ ಉಪಕಾರ ಮಾಡಿದವರು ಯಾರು, ಉಪಕಾರ ಪಡೆದವರು ಯಾರು ಎಂಬುದನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಭಕ್ತರನ್ನು ಬಡವರೆಂದು ಕರೆಯುವುದನ್ನು ಲಕ್ಕಮ್ಮನವರು ಒಪ್ಪುತ್ತಿರಲಿಲ್ಲ. ಮನಸ್ಸು ಶುದ್ಧವಿಲ್ಲದವರಿಗೆ ದ್ರವ್ಯದ ಬಡತನವಿರಬಹುದಲ್ಲದೆ, ಶುದ್ಧಚಿತ್ತದಿಂದ ಕಾಯಕ ಮಾಡುವವರಿಗೆ ಯಾವ ಕಡೆಗೆ ನೋಡಿದರೂ ಲಕ್ಷ್ಮಿಯು ತಾನಾಗಿ ಒದಗಿರುತ್ತಾಳೆಂಬುದು ಅವರ ಅನುಭವವಾಗಿತ್ತು. ಕರುಣೆಯಿಂದ ಕೊಟ್ಟ ಕಾಳಾದರೂ ಅದು ತಮ್ಮನ್ನು ದೀನರನ್ನಾಗಿ ಮಾಡುವುದಾದರೆ ಅವರಿಗೆ ಬೇಡವಾಗಿತ್ತು.

ಈ ಚರಿತ್ರೆಯನ್ನು ಬಡವರ ಬಾಯಿ ಮುಚ್ಚಿಸುವುದಕ್ಕಾಗಿ ಬಳಸಿಕೊಳ್ಳುವುದು ಅನ್ಯಾಯವೆಂಬುದನ್ನೂ ಇಲ್ಲಿ ಅರಿಯತಕ್ಕದ್ದು. ಉಳ್ಳವರು ಇಲ್ಲದವರಿಗೆ ಇದ್ದುದರಲ್ಲಿ ತೃಪ್ತರಾಗಿರಬೇಕೆಂದು ಬೋಧಿಸುವುದು ಸುಲಭ. ಅಂಥ ಬೋಧೆಯನ್ನು ಲಕ್ಕಮ್ಮನವರು ಕೇಳಲೂ ಇಲ್ಲ, ಮಾಡಲೂ ಇಲ್ಲ. ಬಸವಣ್ಣನವರು ಅವರಿಗೆ ಸಾಕೆನ್ನಬೇಕೆಂದು ಹೇಳಿದವರಲ್ಲ. ಹೇಳುವ ಅಧಿಕಾರವು ಯಾರಿಗೂ ಇರಲಿಲ್ಲ. ಸಾಕೆಂಬ ಮಾತು ಲಕ್ಕಮ್ಮನವರ ಸ್ವಂತ ಬಾಯಿಂದ, ಸ್ವಂತ ಮನೆಯ ಅಕ್ಕಿಯ ವಿಷಯದಲ್ಲಿ ಹೊರಟಿತು. ಆದುದರಿಂದಲೇ ಅದಕ್ಕೆ ಅಷ್ಟು ತೂಕ ಬಂದಿತು. ಹಸಿದು ಬಂದವರಿಗೆ ಅವರು ತೃಪ್ತಿಯ ಉಪದೇಶವನ್ನು ಬಡಿಸಲಿಲ್ಲ, ಅನ್ನವನ್ನು ಬಡಿಸಿದರು. ತನಗಾಗಿ ಸಾಕೆನ್ನುವುದು, ಪರರಿಗಾಗಿ ಇನ್ನಷ್ಟು ಬಡಿಸುವುದು, ಇವೆರಡೂ ಕೂಡಿದಲ್ಲಿ ಮಾತ್ರ ಸಂತೃಪ್ತಿಯು ಧರ್ಮವಾಗುತ್ತದೆ.

ದಾಸೋಹವು ಮುಗಿದ ಮೇಲೆ ಮಾರಯ್ಯನವರ ಮನಸ್ಸು ಇನ್ನೂ ಮೇಲಿನ ವಿಚಾರದ ಕಡೆಗೆ ತಿರುಗಿತು. ಪರಮಪದದ ಹಾದಿಯನ್ನು ತಮಗೆ ತಿಳಿಸಬೇಕೆಂದು ಅವರು ಪತ್ನಿಯನ್ನೇ ಪ್ರಾರ್ಥಿಸಿದರು. ಪತಿಯು ಶಿಷ್ಯನಾಗಿ ಸತಿಯು ಗುರುವಾದ ಈ ಸಂದರ್ಭವು ೧೨ನೆಯ ಶತಮಾನದ ಶರಣ ಸಮಾಜವು ಸ್ತ್ರೀಯರಿಗೆ ಇತ್ತ ಗೌರವಕ್ಕೆ ಉಜ್ವಲವಾದ ನಿದರ್ಶನವಾಗಿದೆ. ಲಕ್ಕಮ್ಮನವರು ಕೊಟ್ಟ ಉತ್ತರವೂ ಅವರ ಅಕ್ಕಿಯ ಲೆಕ್ಕದಂತೆಯೇ ನೇರವಾಗಿತ್ತು. ಮಾಡಿ ನೀಡಿದುದಕ್ಕೆ ಪ್ರತಿಫಲವಾಗಿ ಕೈಲಾಸಕ್ಕೆ ಹೋಗುವೆನೆನ್ನುವವರನ್ನು ಕುರಿತು, ಕೈಲಾಸವು ದುಡಿದವರಿಗೆ ಎಣಿಸಿ ಕೊಡುವ ಕೈಗೂಲಿಯಲ್ಲವೆಂದು ಅವರು ತಿಳಿಸಿದರು. ಮುಂದೇನು ಬರುವುದೆಂದು ಎದುರು ನೋಡದೆ, ಹಿಂದೇನು ಮಾಡಿದೆನೆಂದು ಎಣಿಸದೆ, ಇದ್ದ ಸ್ಥಳದಲ್ಲಿ ಇದ್ದ ಕಾಯಕದಲ್ಲಿ ಮನಸ್ಸು ನಿಂತರೆ ಶಿವನು ಅಲ್ಲಿಯೇ ಇರುವನೆಂಬುದು ಅವರ ಉಪದೇಶದ ಸಾರ.

ಇಲ್ಲಿ ಅಕ್ಕಿಯ ಪ್ರಸಂಗವೂ ಮೋಕ್ಷದ ಪ್ರಸಂಗವೂ ಒಂದೇ ಆಗಿರುವುದನ್ನು ಸೂಕ್ಷ್ಮವಾಗಿ ನೋಡುವವರು ಕಾಣಬಹುದು. ಹೆಚ್ಚು ಅಕ್ಕಿಯನ್ನು ಬಯಸುವುದು ಎಂಥ ಆಸೆಯೋ, ಕೈಲಾಸವನ್ನು ಬಯಸುವುದೂ ಅಂಥ ಆಸೆಯೇ. ಮೊದಲನೆಯದು ಮಡಕೆಯನ್ನು ಅತೃಪ್ತಿಯಿಂದ ನೋಡುವಂತೆ ಮಾಡುತ್ತದೆ. ಎರಡನೆಯದು ಬಾಳನ್ನೇ ಅತೃಪ್ತಿಯಿಂದ ನೋಡುವಂತೆ ಮಾಡುತ್ತದೆ. ಒಂದು ಹಿಡಿ ಅಕ್ಕಿಯ ಆಸೆಯನ್ನು ಗೆಲ್ಲಬಲ್ಲವರು ಸ್ವರ್ಗದ ಆಸೆಯನ್ನೂ ಗೆಲ್ಲಬಲ್ಲರು. ಸತಿಪತಿಗಳಿಬ್ಬರೂ ಈ ಅರಿವಿನಲ್ಲಿ ಒಂದಾಗಿ ಲಿಂಗೈಕ್ಯವನ್ನು ಪಡೆದರೆಂದು ಪುರಾತನರು ಕಥೆಯನ್ನು ಮುಗಿಸುತ್ತಾರೆ.

ಕ್ರಿ. ಶ. ೧೧೬೭ರ ಸುಮಾರಿಗೆ ಬಿಜ್ಜಳನ ಆಳಿಕೆಯು ಕೊನೆಗೊಂಡಿತು. ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದರಿಹೋದರು. ಅರಮನೆಯ ವೈಭವವು ಅಳಿಯಿತು; ಭಂಡಾರದ ಹೊನ್ನು ಎಲ್ಲಿ ಹೋಯಿತೋ ತಿಳಿಯದು. ಆದರೆ ಅಕ್ಕಿಯನ್ನು ಆಯ್ದವರ ಮಾತುಗಳು ಉಳಿದವು. ಅವುಗಳನ್ನು ಉಳಿಸಿದ ಬಗೆಯೂ ಆಯ್ದಕ್ಕಿಯ ಕಾಯಕದಂಥದೇ. ೧೫ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ವಿರಕ್ತರು ಚದರಿದ್ದ ವಚನಗಳನ್ನು ಹುಡುಕಿ ಸಂಕಲಿಸಿದರು. ೧೬ನೆಯ ಶತಮಾನದ ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿ ನಿರೂಪಿತವಾಗಿದೆ. ಆಮೇಲೆ ಆ ತಾಡವೋಲೆಗಳು ಮಠಗಳಲ್ಲಿಯೂ ಭಕ್ತರ ಮನೆಗಳ ಜಗಲಿಗಳಲ್ಲಿಯೂ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಬಹುಕಾಲ ಉಳಿದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಮನೆಮನೆಗಳಿಂದ ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನೂ ೧೯೩೦ರಲ್ಲಿ ಶೂನ್ಯಸಂಪಾದನೆಯನ್ನೂ ಅಚ್ಚಿಗೆ ತಂದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಎಲ್ಲ ವಚನಗಳನ್ನೂ ೧೫ ಸಂಪುಟಗಳಲ್ಲಿ ಪ್ರಕಟಿಸಿದಾಗ ಶಿವಶರಣೆಯರ ವಚನಗಳಿಗೆ ಪ್ರತ್ಯೇಕವಾದ ಒಂದು ಸಂಪುಟವೇ ಮೀಸಲಾಯಿತು. ಲಕ್ಕಮ್ಮನವರ ಸುಮಾರು ೨೫ ವಚನಗಳು ಇಂದು ದೊರೆಯುತ್ತವೆ. ನಾಡಿನ ಅಂಗಳದಲ್ಲಿ ಚೆಲ್ಲಿಹೋಗಿದ್ದ ಕಾಳುಗಳನ್ನು ಆಯ್ದವರು ಇಲ್ಲದಿದ್ದರೆ ಅವು ಮಣ್ಣಾಗುತ್ತಿದ್ದವು. ಮನೆಯಲ್ಲಿಯೇ ಇದ್ದ ಐಶ್ವರ್ಯವನ್ನು ಕಾಣದೆ ಹೊರಗೆ ಹುಡುಕುವುದು ವ್ಯಕ್ತಿಗಳ ದೋಷವಷ್ಟೇ ಅಲ್ಲ. ಕೆಲವೊಮ್ಮೆ ಸಮಾಜಗಳ ದೋಷವೂ ಆಗಿರುತ್ತದೆ.

ಮಠಗಳ ಉತ್ಸವಗಳಲ್ಲಿ ಇಂದಿಗೂ ಉಗ್ರಾಣದ ಬಾಗಿಲಲ್ಲಿ ಅಕ್ಕಿಯ ಚೀಲಗಳು ಬಿಚ್ಚುತ್ತವೆ; ದಾಸೋಹದ ಒಲೆಗಳು ಉರಿಯುತ್ತವೆ; ಸಾವಿರಾರು ಜನರು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಅಳೆಯುವವರ ಕೈಯಿಂದ ಅಂದಿನಂತೆ ಇಂದೂ ಒಂದಿಷ್ಟು ಕಾಳು ನೆಲಕ್ಕೆ ಬೀಳುತ್ತದೆ. ಎಲೆಯಲ್ಲಿ ಬಿಟ್ಟ ಅನ್ನ, ನೆಲಕ್ಕೆ ಚೆಲ್ಲಿದ ಅಕ್ಕಿ, ಮನೆಯಲ್ಲಿ ಇದ್ದೂ ಕಾಣದ ಭಾಗ್ಯ ಇವುಗಳನ್ನು ಕಂಡಾಗ ಲಕ್ಕಮ್ಮನವರ ನೆನಪಾಗುವುದು ಉಚಿತವಾಗಿದೆ. ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆ ಅಲ್ಲದಿದ್ದರೆ ಒಮ್ಮೆ ಎಂದಿಗಿಂತ ಹೆಚ್ಚಿನ ಅಕ್ಕಿಯು ಬಾಗಿಲಿಗೆ ಬರುತ್ತದೆ. ಅದನ್ನು ಒಳಗೆ ಕರೆದುಕೊಳ್ಳುವುದಕ್ಕೆ ಮುಂಚೆ, ಒಳಗೆ ಈಗಾಗಲೇ ಇರುವುದೇನೆಂದು ಒಂದು ಸಾರೆ ಮಡಕೆಯ ಮುಚ್ಚಳವನ್ನು ತೆರೆದು ನೋಡಬೇಕು. ಹಾಗೆ ನೋಡಿದ ಗೃಹಿಣಿಯೊಬ್ಬರು ತಮ್ಮಲ್ಲಿದ್ದುದು ಸಾಕೆಂದು ಕಂಡುಕೊಂಡರು. ಅಷ್ಟರಿಂದಲೇ ಅವರ ಚಿಕ್ಕ ಮನೆಯು ಕಲ್ಯಾಣಕ್ಕೆಲ್ಲ ಅನ್ನವಿಕ್ಕುವಷ್ಟು ದೊಡ್ಡದಾಯಿತು.